ಗಾಳಿ ಸುರಂಗದ ಫ್ಯಾನು ಮುರಿದದ್ದು

ನಿವೃತ್ತ ಕುಲಪತಿಗಳು ಅನುಭವ ಬರೆಯಲು ಕೂತರೆ ಮೊದಲ ಅಧ್ಯಾಯ ಪೂರ್ತಿ ಅವರಿಗೆ ಹೊದಿಸಿದ ಶಾಲುಗಳದ್ದೇ ಆಗಿರುತ್ತದೆ. ನನಗೂ ಹೊದಿಸಿದ್ದಾರೆ. ಅದರಲ್ಲಿ ಕೆಲವನ್ನು ನಮ್ಮ ಮನೆಯಾಕೆ ಹಪ್ಪಳ ಒಣಗಿಸಲು ಹಾಸುತ್ತಾಳೆ. ಹಾರಗಳು ಅವತ್ತೇ ಬಾಡಿದವು, ಭಾಷಣಗಳು ಅದಕ್ಕೂ ಮುಂಚೆ ಬಾಡಿದ್ದವು. ಆದ್ದರಿಂದ ಆ ವಿಷಯ ಇಲ್ಲಿಗೆ ಸಾಕು.

ಹೊಸದಾಗಿ ಕಾಲೇಜು ಮೇಷ್ಟ್ರ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನನ್ನು ನೋಡಲು ಬಂದಾಗ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ: "ಸಾರ್, ವಿಮಾನದ ಇಂಜಿನಿಯರ್ ಆಗಿದ್ದೋರು ಯೂನಿವರ್ಸಿಟಿ ಹೆಂಗೆ ನಡೆಸಿದ್ರಿ?" ನಾನು ಹೇಳುವುದು ಇಷ್ಟೇ. ವಿಮಾನ ಮೇಲೇಳಬೇಕಾದರೆ ಬೇಡದ ಭಾರವನ್ನೆಲ್ಲ ಕೆಳಗಿಳಿಸುತ್ತಾರೆ. ವಿಶ್ವವಿದ್ಯಾಲಯದಲ್ಲಿ ಬೇಡದ ಭಾರವನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಕಾಫಿ ಕೊಡುತ್ತಾರೆ. ಇದೊಂದು ವ್ಯತ್ಯಾಸ ಬಿಟ್ಟರೆ ಎರಡೂ ಕೆಲಸ ಹೆಚ್ಚುಕಮ್ಮಿ ಒಂದೇ. ಅವರು ನಕ್ಕು ಕಾಫಿ ಕುಡಿದು ಹೋಗುತ್ತಾರೆ. ಆದರೆ ನಿಜವಾದ ಉತ್ತರ ಬೇರೆ ಇದೆ. ಅದು ತುಮಕೂರಿನ ಒಂದು ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ನನಗೆ ಸಿಕ್ಕಿದ್ದು. ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಗುಬ್ಬಿಯವನು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಹೊರಗಿದ್ದ ಒಂದು ವಿಮಾನ ರಿಪೇರಿ ವರ್ಕ್‌ಶಾಪಿನಲ್ಲಿ ಇಂಜಿನಿಯರಾಗಿದ್ದೆ. ನಮ್ಮವ್ವ ಊರಲ್ಲೆಲ್ಲ "ನಮ್ ಹುಡುಗ ಇಮಾನ ಓಡುಸ್ತಾನೆ" ಎಂದು ಸಾರಿಬಿಟ್ಟಿದ್ದಳು. ಓಡಿಸೋದಲ್ಲ ಕಣವ್ವ, ರಿಪೇರಿ ಮಾಡೋದು ಎಂದು ತಿದ್ದಿದ್ದೇ ತಪ್ಪಾಯಿತು. ಭಾನುವಾರ ಊರಿಗೆ ಹೋದಾಗಲೆಲ್ಲ ಕೆಟ್ಟ ಪಂಪ್‌ಸೆಟ್ಟುಗಳು ನಮ್ಮ ಜಗಲಿಗೆ ಬರತೊಡಗಿದವು. "ಇಮಾನನೇ ರಿಪೇರಿ ಮಾಡೋನಿಗೆ ಇದ್ಯಾವ್ ಮಹಾ, ಬುಡು" ಎಂದು ಇಟ್ಟು ಹೋಗುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ವಾಷರ್ ಬದಲಾಯಿಸುತ್ತಿದ್ದೆ. ಅದರಲ್ಲಿ ಕೆಲವು ಓಡಿದವು ಕೂಡ.

ವರ್ಕ್‌ಶಾಪಿನಲ್ಲಿ ನನ್ನ ಮೇಲಿನವರು ಡಿಸೋಜ ಸಾಹೇಬರು, ಮಂಗಳೂರಿನವರು. ಮಾತು ಮಂಗಳೂರಿಂದ ತಂದಿದ್ದರು, ಬೈಗುಳ ಮಾತ್ರ ಬೆಂಗಳೂರಿನಲ್ಲಿ ಕಲಿತದ್ದು. ಒಮ್ಮೆ ನೆಲದ ಮೇಲೆ ನಿಲ್ಲಿಸಿ ಓಡಿಸುತ್ತಿದ್ದ ಇಂಜಿನ್ನೊಂದು ಒರೆಸುವ ಬಟ್ಟೆಯನ್ನು ನುಂಗಿ ಕೆಮ್ಮಿ ನಿಂತಿತು. ನಾನು ಹೊಸಬ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೀಸೆ ತಿರುವಿ "ಬಟ್ಟೆ ಯಾರು ಬಿಟ್ಟಿದ್ದು?" ಎಂದು ಕೇಳಿದೆ. ನಾನಲ್ಲ, ನಾನಲ್ಲ ಎಂದು ಸಾಲು ಮುಗಿಯಿತು. ಅಷ್ಟರಲ್ಲಿ ಸಾಹೇಬರು ಬಂದರು.

"ಯಾರು ಅಂತ ಕೇಳ್ಲಿಕ್ಕೆ ಪೊಲೀಸ್ ಉಂಟು ಮಾರಾಯ. ಏನಾಯ್ತು ಅಂತ ಕೇಳ್ಲಿಕ್ಕೆ ನಿನಗೆ ಸಂಬಳ" ಎಂದು, ಆಮೇಲೆ ಬೆಂಗಳೂರಿನಲ್ಲಿ ಕಲಿತದ್ದನ್ನೂ ಎರಡು ಸೇರಿಸಿದರು.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಂಜಿನ್ನಿನ ಚಿತ್ರ ಬರೆಸಿ, ಮುರಿದ ಒಂದೊಂದು ಚೂರನ್ನೂ ಅದರದರ ಜಾಗದಲ್ಲಿ ಇಡಿಸಿದರು. ಚೂರುಗಳನ್ನು ನೋಡುತ್ತ ನಿಂತರೆ ಬಟ್ಟೆ ಎಲ್ಲಿಂದ ಹೊರಟು ಎಲ್ಲೆಲ್ಲಿ ಬಡಿದು ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂಬುದೆಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಅವತ್ತಿನಿಂದ ನನಗೆ ಅದೇ ಪಾಠ. ಕಾಲೇಜಿನಲ್ಲಿ ಕಲಿತ ಸೂತ್ರಗಳೆಲ್ಲ ಇದರ ಮುಂದೆ ಒಗ್ಗರಣೆ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ನನ್ನನ್ನು ಉತ್ತರ ಭಾರತಕ್ಕೆ ವರ್ಗ ಮಾಡಿದರು. ಮನೆಯಾಕೆ, "ನೀವು ಹೋಗ್ಬನ್ನಿ, ನಂಗೆ ಮೂರ್ ಹೊತ್ತೂ ಚಪಾತಿ ತಿನ್ನೋಕಾಗಲ್ಲ" ಎಂದಳು. ಅದೇ ಸಮಯಕ್ಕೆ ತುಮಕೂರಿನಲ್ಲಿ ಹೊಸ ಇಂಜಿನಿಯರಿಂಗ್ ಕಾಲೇಜೊಂದು ಶುರುವಾಗಿತ್ತು. ಅದರ ಆಡಳಿತ ಮಂಡಳಿಯ ಅಧ್ಯಕ್ಷರು ರುದ್ರಪ್ಪನವರು, ಗುಬ್ಬಿಯಲ್ಲಿ ಕೊಬ್ಬರಿ ಎಣ್ಣೆಯ ಮಿಲ್ಲಿನ ಯಜಮಾನರು. ಬಿಳಿ ಪಂಚೆ, ಬಿಳಿ ಜುಬ್ಬ, ಬಿಳಿ ಅಂಬಾಸಿಡರ್ ಕಾರು. ಸಿಟ್ಟು ಮಾತ್ರ ಕೆಂಪು.

ಇಂಟರ್‌ವ್ಯೂನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ಬೇರೆ ಕಾಲೇಜಲ್ಲಿ ಇಲ್ದೇ ಇರೋದು ನಮ್ ಕಾಲೇಜಲ್ಲಿ ಏನ್ ಮಾಡ್ತೀರಿ ಮೇಷ್ಟ್ರೆ?"

"ಗಾಳಿ ಸುರಂಗ ಕಟ್ತೀನಿ" ಎಂದುಬಿಟ್ಟೆ. ವಿಂಡ್ ಟನಲ್. ಅಂದರೆ ಒಂದು ಉದ್ದನೆಯ ಮರದ ಕೊಳವೆ. ಹಿಂದಿನ ತುದಿಯಲ್ಲಿ ದೊಡ್ಡ ಫ್ಯಾನು ಗಾಳಿಯನ್ನು ಎಳೆಯುತ್ತದೆ, ನಡುವೆ ಗಾಜಿನ ಕಿಟಕಿ ಇರುವ ಪೆಟ್ಟಿಗೆ, ಅದರೊಳಗೆ ರೆಕ್ಕೆಯ ಮಾದರಿ ಬಿಗಿದು ಗಾಳಿ ಅದನ್ನು ಹೇಗೆ ನೂಕುತ್ತದೆ ಎಂದು ಅಳೆಯಬಹುದು.

"ಗಾಳಿಗ್ಯಾಕ್ರೀ ಸುರಂಗ? ದೇವರಾಯನದುರ್ಗದ ಮ್ಯಾಲೆ ಹೋಗಿ ನಿಂತ್ಕೊಳ್ಳಿ, ಪುಕ್ಸಟ್ಟೆ ಬೀಸುತ್ತೆ" ಎಂದರು ರುದ್ರಪ್ಪನವರು. ಆದರೂ ಬೇರೆ ಯಾರ ಹತ್ತಿರವೂ ಇಲ್ಲ ಎಂಬ ಮಾತು ಅವರಿಗೆ ಹಿಡಿಸಿಬಿಟ್ಟಿತು. ಕೆಲಸ ಕೊಟ್ಟರು.

ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೊಳವೆಯನ್ನು ತುಂಡು ತುಂಡಾಗಿ ಮಾಡಿಸಿ ಎತ್ತಿನಗಾಡಿಯಲ್ಲಿ ತಂದು ಜೋಡಿಸಿದೆವು. ದಾರಿಯಲ್ಲಿ ಜನ ಇದು ನಾಟಕದ ಕಂಪನಿಯ ಸಾಮಾನೇ ಎಂದು ಕೇಳುತ್ತಿದ್ದರು. ಮುಚ್ಚಿಹೋದ ಅಕ್ಕಿ ಗಿರಣಿಯ ಮೋಟರು, ತೇಗದ ಮರದಲ್ಲಿ ಕೊರೆಸಿದ ಫ್ಯಾನಿನ ಎಲೆಗಳು. ಮೊದಲ ಸಲ ಓಡಿಸಿದಾಗ ಲ್ಯಾಬಿನ ಕ್ಯಾಲೆಂಡರ್ ಗೋಡೆಯಿಂದ ಹಾರಿ ಸುರಂಗದ ಬಾಯಿಗೆ ಅಂಟಿಕೊಂಡಿತು. ನನಗೆ ಮಗು ಹುಟ್ಟಿದಷ್ಟು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಈಗ ಕೆಂಪರಾಜನ ವಿಷಯ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಹುಡುಗ, ಕೊನೇ ವರ್ಷದ ವಿದ್ಯಾರ್ಥಿ. ನಾನು ಸ್ಲೈಡ್ ರೂಲ್ ಎಂಬ ಲೆಕ್ಕದ ಪಟ್ಟಿಯಲ್ಲಿ ಕಣ್ಣು ಕಿರಿದು ಮಾಡಿ ಅಂದಾಜು ಉತ್ತರ ತೆಗೆಯುವ ಹೊತ್ತಿಗೆ ಅವನು ಯಾರದೋ ಕ್ಯಾಲ್ಕುಲೇಟರ್ ಕಡ ತಂದು ದಶಾಂಶದ ಬಾಲವನ್ನು ಗೋಡೆಯವರೆಗೂ ಎಳೆಯುತ್ತಿದ್ದ. "ಇಷ್ಟೆಲ್ಲ ಯಾಕೋ?" ಎಂದರೆ, "ಬಂದಿದೆಯಲ್ಲ ಸಾರ್, ಬಿಸಾಕೋದ್ಯಾಕೆ?" ಎನ್ನುವ ಜಾತಿ.

ಒಂದು ದಿನ ಇವನು ಹಾಸ್ಟೆಲ್ಲಿನ ರಾಗಿಮುದ್ದೆಯನ್ನು ತಂದು ಸುರಂಗದೊಳಗೆ ದಾರದಲ್ಲಿ ಕಟ್ಟಿ ಗಾಳಿ ಬಿಟ್ಟ. ಗುಂಡಗಿನ ವಸ್ತುವಿನ ಮೇಲೆ ಗಾಳಿಯ ಒತ್ತಡ ಅಳೆಯುವುದು ಪಠ್ಯದಲ್ಲೇ ಇತ್ತು, ಅದರಲ್ಲೇನೂ ತಪ್ಪಿಲ್ಲ. ಆದರೆ ನೋಟೀಸ್ ಬೋರ್ಡಿನ ಮೇಲೆ ಫಲಿತಾಂಶ ಹಾಕಿದ: "ನಮ್ಮ ಹಾಸ್ಟೆಲ್ಲಿನ ಮುದ್ದೆ ಬಿರುಗಾಳಿಗೂ ಬಾಗುವುದಿಲ್ಲ, ಬಿಸಿ ಸಾರಿಗೂ ಕರಗುವುದಿಲ್ಲ." ವಾರ್ಡನ್ನರು ಕುಣಿದಾಡಿದರು. ರುದ್ರಪ್ಪನವರಿಗೂ ದೂರು ಹೋಯಿತು. "ಈ ಹುಡುಗನ ಬಾಲ ಕತ್ತರಿಸ್ಬೇಕು" ಎಂದು ಅವರು ಅವತ್ತೇ ಹೇಳಿದ್ದರು.

ಆ ವರ್ಷ ಆಯುಧಪೂಜೆಗೆ ಲ್ಯಾಬಿನ ಯಂತ್ರಗಳಿಗೆಲ್ಲ ಪೂಜೆ. ಲೇತ್‌ಗೆ ಚೆಂಡುಹೂವಿನ ಹಾರ, ಡ್ರಿಲ್ಲಿಂಗ್ ಮಿಷಿನ್ನಿಗೆ ವಿಭೂತಿ, ಸುರಂಗದ ಬಾಯಿಗೆ ಬಾಳೆಕಂದು, ಮಾವಿನ ತೋರಣ. ಬೂದುಗುಂಬಳಕಾಯಿ ಒಡೆದು ಕುಂಕುಮ ಚೆಲ್ಲಿದರು. ನಾನು ಮಂಗಳಾರತಿ ತೆಗೆದುಕೊಂಡು ಗುಬ್ಬಿ ಬಸ್ಸು ಹಿಡಿದೆ, ಮನೆಯಲ್ಲಿ ಸ್ಕೂಟರಿನ ಪೂಜೆ ಕಾಯುತ್ತಿತ್ತು. ರಜೆ ಮುಗಿಸಿ ಬಂದಾಗ ಲ್ಯಾಬು ಗುಡಿಸಿ ಸಾರಿಸಿ ಚೊಕ್ಕಟವಾಗಿತ್ತು.

ಅವತ್ತೇ ಬೆಂಗಳೂರಿನಿಂದ ಇಬ್ಬರು ಪ್ರೊಫೆಸರುಗಳು ಲ್ಯಾಬು ನೋಡಲು ಬರುವವರಿದ್ದರು. ರುದ್ರಪ್ಪನವರು ಕೆಂಪಂಚಿನ ಹೊಸ ಶಲ್ಯ ಹಾಕಿಕೊಂಡು ಬಂದರು. ನಮ್ಮ ಲ್ಯಾಬಿನ ಲೆಕ್ಚರರ್ ಪುಟ್ಟಸ್ವಾಮಿ ನಿಗಾ ವಹಿಸಿದ್ದರು. ಕೆಂಪರಾಜ ಪೆಟ್ಟಿಗೆಯೊಳಗೆ ತಲೆ ಹಾಕಿ ರೆಕ್ಕೆಯ ಮಾದರಿ ಬಿಗಿದು ಸ್ವಿಚ್ಚಿನ ಹತ್ತಿರ ನಿಂತ. ನಾನು ಅತಿಥಿಗಳಿಗೆ ಭಾಷಣ ಕೊಡುತ್ತಿದ್ದೆ. ನಿಧಾನ ಗಾಳಿಯಲ್ಲಿ ಎಲ್ಲ ಚೆನ್ನಾಗಿ ನಡೆಯಿತು. ಅತಿಥಿಗಳು ತಲೆದೂಗಿದರು. ತಲೆದೂಗುವವರು ಸಿಕ್ಕರೆ ಮೇಷ್ಟ್ರು ಸುಮ್ಮನಿರುತ್ತಾನೆಯೇ? "ಪೂರ್ತಿ ಬಿಡೋ ಕೆಂಪರಾಜ" ಎಂದೆ.

ಕೊಳವೆಯೊಳಗೆ ಏನೋ ಗಡಗಡ ಉರುಳಿದ ಸದ್ದು. ಆಮೇಲೆ ಫಡಾರ್! ತೇಗದ ಎಲೆಗಳು ಚೂರುಚೂರಾಗಿ ಹಿಂದಿನ ಕಿಟಕಿಯಿಂದ ಹಾರಿ, ಹೊರಗೆ ನಿಂತಿದ್ದ ಬಿಳಿ ಅಂಬಾಸಿಡರಿನ ಬಾನೆಟ್ಟಿನ ಮೇಲೆ ಬಿದ್ದವು. ಕೆಂಪರಾಜ ಅಷ್ಟರಲ್ಲೇ ಸ್ವಿಚ್ಚು ಆರಿಸಿದ್ದ. ಯಾರಿಗೂ ಏಟಾಗಲಿಲ್ಲ, ದೇವರು ದೊಡ್ಡವನು. ಅತಿಥಿಗಳಲ್ಲಿ ಒಬ್ಬರು ಮೇಜಿನ ಕೆಳಗಿನಿಂದ ಎದ್ದು ಬಂದು ಕನ್ನಡಕ ಒರೆಸಿಕೊಂಡು, "ವೆರಿ ಇಂಟರೆಸ್ಟಿಂಗ್" ಎಂದರು.

ರುದ್ರಪ್ಪನವರ ಮುಖ ಶಲ್ಯದ ಅಂಚಿನ ಬಣ್ಣಕ್ಕೆ ತಿರುಗಿತು. ಅವರಿಗೆ ತನಿಖೆ ಬೇಕಿರಲಿಲ್ಲ. "ಈ ಮುದ್ದೆ ಹುಡುಗಂದೇ ಕೆಲಸ. ಮತ್ತೇನೋ ತುರುಕವ್ನೆ ಒಳಗೆ. ನನ್ ಮಾನ ಕಳೆದ!" ಎಂದು ಅಲ್ಲೇ ಕೂಗಾಡಿದರು. ಸಂಜೆಯೊಳಗೆ ಡಿಸ್ಮಿಸ್ ಆರ್ಡರ್ ಟೈಪಾಗಿ ನೋಟೀಸ್ ಬೋರ್ಡಿಗೆ ಬಂತು. ಕೊನೇ ವರ್ಷದ ಪರೀಕ್ಷೆ ಎದುರಿಗಿರುವಾಗ ಡಿಸ್ಮಿಸ್ ಆದರೆ ಆ ಹುಡುಗನ ಓದು ಮುಗಿದಂತೆಯೇ. ಬೇರೆ ಯಾವ ಕಾಲೇಜೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

"ಒಳಗೆ ಏನಿಟ್ಟಿದ್ದೆಯೋ?" ಎಂದು ಕೇಳಿದೆ. ನೋಡಿ, ಡಿಸೋಜ ಸಾಹೇಬರ ಶಿಷ್ಯ ಕೇಳುವ ಪ್ರಶ್ನೆ! "ನಾನೇನೂ ಇಟ್ಟಿಲ್ಲ ಸಾರ್" ಎಂದ. ಅದರ ಮೇಲೆ ಒಂದು ಮಾತೂ ಆಡಲಿಲ್ಲ. ಹರಳೆಣ್ಣೆ ಕುಡಿದವನಂತೆ ಮುಖ ಮಾಡಿಕೊಂಡು ನೆಲ ನೋಡುತ್ತ ನಿಂತ. ಯಾವತ್ತೂ ಬಾಯಿ ಮುಚ್ಚದ ಹುಡುಗ ಬಾಯಿ ಮುಚ್ಚಿಕೊಂಡರೆ ಏನೋ ಇದೆ ಅಂತಲೇ ಅರ್ಥ. ಏನು ಎಂದು ನನಗೆ ಹೊಳೆಯಲಿಲ್ಲ.

ಹಾಸ್ಟೆಲ್ಲಿನ ಹುಡುಗನೊಬ್ಬ ರಾತ್ರಿಯೇ ಊರಿಗೆ ಸುದ್ದಿ ಮುಟ್ಟಿಸಿದ್ದ. ಮಾರನೇ ದಿನ ಕುಣಿಗಲ್ಲಿನ ಮೊದಲ ಬಸ್ಸಿಗೆ ಅವನ ಅಪ್ಪ ಚಿಕ್ಕೇಗೌಡರು ಬಂದರು. ಎತ್ತರದ ಆಳು, ತಲೆಗೆ ಟವಲ್ಲು ಸುತ್ತಿದ್ದರು. ನನ್ನ ರೂಮಿಗೆ ಬಂದು ಕೂರಿ ಅಂದರೂ ಕೂರಲಿಲ್ಲ.

"ಸಾರ್, ಇವನನ್ನ ಹೊಡೀರಿ, ಬಡೀರಿ, ಕಂಬಕ್ ಕಟ್ಟಾಕಿ. ಓದು ಒಂದ್ ನಿಲ್ಲುಸ್‌ಬ್ಯಾಡಿ. ನಮ್ ವಂಶದಾಗೆ ಕಾಗದದ ಮ್ಯಾಲೆ ಗೆರೆ ಎಳ್ಯೋದು ಬಂದಿದ್ದು ಇವ್ನೊಬ್ನಿಗೇ." ಆಮೇಲೆ ಮಗನ ಕಡೆ ತಿರುಗಿದರು. "ಏನ್ಲಾ, ಅಧ್ಯಕ್ಷರ ಕಾಲಿಗ್ ಬಿದ್ದು ತಪ್ಪಾಯ್ತು ಅನ್ಲಾ. ನಿನ್ ಗಂಟೇನ್ ಹೋಯ್ತದೆ?"

"ಮಾಡ್ದೇ ಇರೋ ತಪ್ಪಿಗೆ ಹೆಂಗಪ್ಪಾ ಅನ್ಲಿ?"

"ಎಲ್ರೂ ಹಂಗೇ ಕಣ್ಲಾ ಅನ್ನೋದು! ಮಾಡಿರೋ ತಪ್ಪಿಗೆ ಯಾವನ್ಲಾ ತಪ್ಪಾಯ್ತು ಅಂದವ್ನೆ?"

ಲೋಕಜ್ಞಾನದಲ್ಲಿ ಅಪ್ಪ ಮಗನಿಗಿಂತ ಮುಂದಿದ್ದರು. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು: ಒಂದು ನಮಸ್ಕಾರ ಹೊಡೆಸಿ ಕೈ ತೊಳೆದುಕೊಂಡರಾಯಿತು. ಆದರೆ ಆ ಗಡಗಡ ಸದ್ದು ಕಿವಿಯಲ್ಲೇ ಕೂತಿತ್ತು. ರೆಕ್ಕೆಯ ಮಾದರಿ ಕಳಚಿದ್ದರೆ ಟಕ್ ಎನ್ನಬೇಕು, ಉರುಳಬಾರದು. "ಗೌಡ್ರೆ, ಇವತ್ತೊಂದ್ ದಿನ ಇರಿ" ಎಂದೆ. ಬೋರ್ಡಿನಿಂದ ಆರ್ಡರನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಪುಟ್ಟಸ್ವಾಮಿಯನ್ನು ಕರೆದೆ.

ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಸುಣ್ಣದ ಪುಡಿಯಿಂದ ಸುರಂಗದ ಚಿತ್ರವನ್ನು ಅದರ ನಿಜವಾದ ಉದ್ದಕ್ಕೇ ಬರೆಸಿದೆ. ಚೂರುಗಳನ್ನು ಕಿಟಕಿಯ ಹೊರಗಿನಿಂದ, ಚರಂಡಿಯಿಂದ, ಅಂಬಾಸಿಡರಿನ ವೈಪರಿನ ಸಂದಿಯಿಂದ ಆರಿಸಿ ತಂದು ಅದರದರ ಜಾಗಕ್ಕೆ ಇಡಿಸಿದೆ. ವಿದ್ಯಾರ್ಥಿಗಳು ಸುತ್ತ ನೆರೆದರು. ರೆಕ್ಕೆಯ ಮಾದರಿ ಕೂದಲೂ ಕೊಂಕದೆ ಇತ್ತು, ಬೋಲ್ಟುಗಳು ಬಿಗಿಯಾಗೇ ಇದ್ದವು. ಅಂದರೆ ಹುಡುಗನ ಕೆಲಸ ಸರಿಯಿತ್ತು. ಆಮೇಲೆ ಮರವಲ್ಲದ ಚೂರುಗಳು ಬರತೊಡಗಿದವು. ಅರಿಶಿನ ಮೆತ್ತಿದ ಚಿಪ್ಪು, ನಾರು, ಕಾಯಿಚೂರು. ಒಂದು ಎಲೆಯ ಬುಡಕ್ಕೆ ಜರಿಯಂಚಿನ ಕೆಂಪು ಬಟ್ಟೆಯ ತುಂಡು ಬಿಗಿಯಾಗಿ ಸುತ್ತಿಕೊಂಡಿತ್ತು.

ಪುಟ್ಟಸ್ವಾಮಿ ಅದನ್ನು ನೋಡಿ ಬೆವರು ಒರೆಸಿಕೊಂಡರು. ಅಷ್ಟರಲ್ಲಿ ರುದ್ರಪ್ಪನವರ ಕಾರು ಬಂತು.

"ಏನ್ ಮೇಷ್ಟ್ರೆ ಇದು, ರಂಗೋಲಿ ಸ್ಪರ್ಧೆನಾ?"

"ಫ್ಯಾನು ಹೆಂಗೆ ಮುರೀತು ಅಂತ ನೋಡ್ತಿದೀವಿ ಸಾರ್."

"ಅದೇನ್ ನೋಡೋದು? ಇವನು ಏನೋ ತುರುಕಿದ, ಮುರೀತು."

ಮಾದರಿಯನ್ನೂ ಬೋಲ್ಟನ್ನೂ ತೋರಿಸಿದೆ. ಆಮೇಲೆ ಕಾಯಿಯ ಕಡೆ ಕೈ ತೋರಿಸಿದೆ. "ಗಾಜಿನ ಪೆಟ್ಟಿಗೆಯ ಹಿಂದಿನ ಮೂಲೇಲಿ ಇತ್ತು ಸಾರ್ ಇದು, ಅರಿಶಿನದ ಗುರುತು ಇನ್ನೂ ಅಲ್ಲೇ ಇದೆ. ಹೊರಗಿನಿಂದ ಕಾಣಲ್ಲ, ಒಳಗೆ ತಲೆ ಹಾಕಿದೋರಿಗೆ ಮಾತ್ರ ಕಾಣುತ್ತೆ. ಅಲ್ಲಿಂದ ಕೊಳವೆ ಅಗಲ ಆಗ್ತಾ ಇಳಿಜಾರಾಗುತ್ತೆ. ನಿಧಾನ ಗಾಳೀಲಿ ಕೂತಿತ್ತು, ಜೋರು ಗಾಳೀಗೆ ಉರುಳಿ ಫ್ಯಾನಿಗೆ ಹೋಗಿದೆ."

"ತೆಂಗಿನಕಾಯಿ? ಯಾರು..." ಎಂದು ಶುರು ಮಾಡಿದವರು ಕೆಂಪು ಬಟ್ಟೆಯನ್ನು ನೋಡಿ ಅಲ್ಲೇ ನಿಂತರು.

ನನಗೆ ಆಗ ಹೊಳೆಯಿತು, ವಿವರ ಆಮೇಲೆ ತಿಳಿಯಿತು. ಪೂಜೆಯ ದಿನ ನಾನು ಬಸ್ಸು ಹತ್ತಿದ ಮೇಲೆ, ಮನೆಯಿಂದ ತಂದಿದ್ದ ಕಾಯಿಯನ್ನು ಅವರೇ ಕೆಂಪು ವಸ್ತ್ರದಲ್ಲಿ ಸುತ್ತಿ ಒಳಗಿಟ್ಟಿದ್ದರು. ದೃಷ್ಟಿ ತಾಗದಿರಲಿ ಎಂದು. ನಮ್ಮ ಕಡೆ ಅಂಗಡಿಯ ಬಾಗಿಲಿಗೆ ಕಾಯಿ ಕಟ್ಟುವುದಿಲ್ಲವೇ, ಹಾಗೆ. ಆ ಗಾಜಿನ ಪೆಟ್ಟಿಗೆಯೋ, ನೋಡಿದರೆ ದೇವರ ಗೂಡಿನ ಹಾಗೇ ಇತ್ತು. ಇಡದೆ ಇನ್ನೇನು ಮಾಡುತ್ತಾರೆ? ಗುಡಿಸಿದವರು ಹೂವೆಲ್ಲ ತೆಗೆದಿದ್ದರು, ಯಜಮಾನರ ಕಾಯಿಯನ್ನು ಮುಟ್ಟಿರಲಿಲ್ಲ.

ಇಷ್ಟು ಜನರ ಮುಂದೆ ಯಜಮಾನರನ್ನು ಸಿಕ್ಕಿಸಿದ್ದೆ. ಅವರು ತಿರುಗಿ ಕಾರು ಹತ್ತಿದ್ದರೆ ಹುಡುಗನ ಓದೂ ನನ್ನ ಕೆಲಸವೂ ಒಟ್ಟಿಗೇ ಕುಣಿಗಲ್ ಬಸ್ಸು ಹತ್ತಬೇಕಿತ್ತು. ಅವರು ಬಗ್ಗಿ ಆ ಬಟ್ಟೆಯನ್ನು ಎಳೆದು ನೋಡಿದರು. ಬರಲಿಲ್ಲ.

"ಕಾಯಿ ನಂದೇ ಕಣ್ರೀ" ಎಂದರು.

ಮರುಕ್ಷಣವೇ ಸಿಟ್ಟು ಹಳೆಯ ದಾರಿ ಹಿಡಿದು ಕೆಂಪರಾಜನ ಮೇಲೆ ಹೋಯಿತು. "ಲೋ, ಬೋಲ್ಟ್ ಬಿಗಿಯೋವಾಗ ಒಳಗೆ ತಲೆ ಹಾಕಿದ್ಯಲ್ಲ, ಇಷ್ಟ್ ದಪ್ಪದ ಕಾಯಿ ಕಾಣ್ಲಿಲ್ವೇನೋ ನಿಂಗೆ?"

"ಕಾಣ್ತು ಸಾರ್."

"ಕಂಡ್ಮೇಲೆ ತೆಗೀಬಾರ್ದಾಗಿತ್ತೇನೋ?"

"ನೀವೇ ಇಟ್ಟಿದ್ದು ಅಂತ ಗೊತ್ತಿತ್ತು ಸಾರ್. ಅದನ್ನ ತೆಗೆದ್ರೆ ನನ್ನ ಕಾಲೇಜಿಂದ ತೆಗೀತೀರಾ ಅಂತ ಸುಮ್ಕಾದೆ." ಸ್ವಲ್ಪ ತಡೆದು, "ತೆಗೀದೇ ಇದ್ರೂ ತೆಗೆದ್ರಿ" ಎಂದ.

"ಮುಚ್ಲಾ ಬಾಯ್ನ!" ಎಂದರು ಚಿಕ್ಕೇಗೌಡರು.

ನನ್ನ ಪಕ್ಕದಲ್ಲಿ ಪುಟ್ಟಸ್ವಾಮಿ ಪಿಸುಗುಟ್ಟಿದರು, "ನಾನೂ ನೋಡಿದ್ದೆ ಸಾರ್." ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೆನ್ನೆಗೆ ಬಾರಿಸೋಣ ಅನ್ನಿಸಿತು. ಎಂ.ಇ. ಓದಿದ ಲೆಕ್ಚರರು ನೋಡಿದ್ದಾರೆ, ವಿದ್ಯಾರ್ಥಿ ನೋಡಿದ್ದಾನೆ, ಕಸ ಗುಡಿಸಿದವರು ನೋಡಿದ್ದಾರೆ. ಗಾಳಿಯ ವಿಚಾರ ಎಲ್ಲರಿಗೂ ಗೊತ್ತು, ಬಾಯಿ ಬಿಡಲು ಮಾತ್ರ ಯಾರಿಗೂ ಧೈರ್ಯವಿಲ್ಲ. ಡಿಸೋಜ ಸಾಹೇಬರು ಚೂರು ಜೋಡಿಸುವುದನ್ನು ಕಲಿಸಿದ್ದರು. ಈ ಭಯವನ್ನು ನೆಲದ ಮೇಲೆ ಎಲ್ಲಿಟ್ಟು ತೋರಿಸಬೇಕು ಎಂದು ಹೇಳಿಕೊಟ್ಟಿರಲಿಲ್ಲ. ಮುಂದೆ ಬೇರೆ ಊರಿನಲ್ಲಿ ಕುಲಪತಿಯಾಗಿ ಕೂತಾಗ, ನಾನು ಹೇಳಿದ್ದಕ್ಕೆಲ್ಲ ಎಲ್ಲರೂ ತಲೆಯಾಡಿಸಿದ ಮೀಟಿಂಗುಗಳಲ್ಲಿ, ಇವರಲ್ಲಿ ಎಷ್ಟು ಜನಕ್ಕೆ ಕಾಯಿ ಕಂಡಿದೆಯೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದೆ. ವಿಶ್ವವಿದ್ಯಾಲಯ ನಡೆಸುವುದೆಂದರೆ ನನ್ನ ಮಟ್ಟಿಗೆ ಅದೇ ಕೆಲಸವಾಗಿತ್ತು. ಹೊಸದಾಗಿ ಸೇರುವವರೇ, ನೀವು ಒಂದಲ್ಲ ಒಂದು ದಿನ ಯಾರದೋ ಕಾಯಿಯನ್ನು ನೋಡುತ್ತೀರಿ. ಆ ದಿನ ನೀವೇನು ಮಾಡುತ್ತೀರಿ ಎಂಬುದಕ್ಕೆ ಪಠ್ಯದಲ್ಲಿ ಸೂತ್ರವಿಲ್ಲ.

ಕೋರ್ಟಿಗೆ ವಾಪಸು ಬರೋಣ. ರುದ್ರಪ್ಪನವರು ಚೂರುಗಳ ಸುತ್ತ ಒಂದು ಸುತ್ತು ನಡೆದರು. ಎಣ್ಣೆ ಮಿಲ್ಲು ನಡೆಸಿದ ಮನುಷ್ಯ. ಯಂತ್ರದ ಮುಂದೆ ಕೆಲಸದವರು ಸುಮ್ಮನಿದ್ದರೆ ಏನಾಗುತ್ತದೆ ಎಂದು ತಿಳಿಯದವರಲ್ಲ. ನಿಂತು ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಗುಡುಗಿದರು:

"ಇನ್ಮೇಲೆ ಮಿಷಿನ್ ಒಳಗೆ ಯಾರು ಏನೇ ಇಟ್ಟಿರ್ಲಿ, ನಾನೇ ಇಟ್ಟಿರ್ಲಿ, ಕಂಡೋರು ತೆಗೆದು ಬಿಸಾಕ್ಬೇಕು. ಯಾರನ್ನೂ ಕೇಳ್ಬೇಕಾಗಿಲ್ಲ. ಗೊತ್ತಾಯ್ತೇನ್ರೋ?"

ಪುಟ್ಟಸ್ವಾಮಿ "ಆಯ್ತು ಸಾರ್" ಎಂದರು. ವಿದ್ಯಾರ್ಥಿಗಳೂ ಆಯ್ತು ಸಾರ್ ಎಂದರು. ಎಲ್ಲರೂ ಎಂದಿನ ಹಾಗೆ ತಲೆಯಾಡಿಸಿದರು. ಕೆಂಪರಾಜ ಮಾತ್ರ ಆಡಿಸಲಿಲ್ಲ.

"ಬರ್ದು ಕೊಡ್ತೀರಾ ಸಾರ್?" ಎಂದ.

ಚಿಕ್ಕೇಗೌಡರು ಹಣೆ ಹಣೆ ಚಚ್ಚಿಕೊಂಡರು. ಹಿಂದೆ ಯಾರೋ ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದರು. ರುದ್ರಪ್ಪನವರು ಹುಡುಗನನ್ನೇ ದಿಟ್ಟಿಸಿದರು. ಅವನೂ ಕಣ್ಣು ತಗ್ಗಿಸಲಿಲ್ಲ.

"ಪೆನ್ನು ಕೊಡ್ರಿ ಮೇಷ್ಟ್ರೆ."

ಕೊಟ್ಟೆ. ಕಾಗದವೂ ಬೇಕಲ್ಲ ಎಂದು ಜೇಬಿನಲ್ಲಿದ್ದುದನ್ನೇ ತೆಗೆದು ಚಾಚಿದೆ. ಅದು ಡಿಸ್ಮಿಸ್ ಆರ್ಡರ್ ಎಂದು ಅವರಿಗೂ ಕಂಡಿತು. ತಮ್ಮ ಸಹಿಯ ಮೇಲೆ ತಾವೇ ಅಡ್ಡಗೀಟು ಎಳೆದು, ಮಗುಚಿ, ಎಲ್ಲಿಟ್ಟು ಬರೆಯುವುದೆಂದು ಸುತ್ತ ನೋಡಿದರು. ಚಿಕ್ಕೇಗೌಡರು ಟವಲ್ಲಿನಿಂದ ಕಣ್ಣು ಒರೆಸಿಕೊಂಡು ಮುಂದೆ ಬಂದು ಬಗ್ಗಿ ನಿಂತರು.

"ನನ್ ಬೆನ್ ಮ್ಯಾಲೆ ಮಡಿಕ್ಕೊಂಡ್ ಬರೀರಿ ಯಜಮಾನ್ರೆ. ನಿಧಾನಕ್ಕೆ ಬರೀರಿ, ನಂಗೇನ್ ಅರ್ಜೆಂಟಿಲ್ಲ."